ಬೆಟ್ಟದ ಮೇಲೆ ಹಿಮ, ಬಯಲಿನಲ್ಲಿ ನೀರು: ಮೋಡ ಬಿತ್ತನೆಯ ಲಾಭ ಯಾರಿಗೆ, ಹೊರೆ ಯಾರಿಗೆ?

ಪ್ರಶ್ನೆ: ನಾವು ಸಕಲೇಶಪುರದ ಕಡೆಯವರು. ಕೆಲವು ವರ್ಷಗಳಿಂದ ಅಮೆರಿಕದ ಐಡಹೋ ರಾಜ್ಯದ ಬಾಯ್ಸಿಯಲ್ಲಿದ್ದೇವೆ. ಇಲ್ಲಿ ಚಳಿಗಾಲದಲ್ಲಿ ಬೆಟ್ಟಗಳ ಮೇಲೆ ಹಿಮ ಜಾಸ್ತಿ ಬೀಳಲಿ ಅಂತ ವಿದ್ಯುತ್ ಕಂಪನಿಯವರು ಮೋಡ ಬಿತ್ತನೆ ಮಾಡಿಸುತ್ತಾರೆ. ಇದನ್ನು ನಿಷೇಧಿಸಿ ಅನ್ನುವ ಮನವಿಗೆ ಸಹಿ ಹಾಕಿ ಅಂತ ಪಕ್ಕದ ಮನೆಯವರು ಕೇಳುತ್ತಿದ್ದಾರೆ. ಬೆಳ್ಳಿಯ ಪುಡಿ ಮಣ್ಣಿಗೆ, ನೀರಿಗೆ ಸೇರುತ್ತದೆಯಂತೆ. ಪಕ್ಕದ ರಾಜ್ಯದ ಮಳೆಯನ್ನು ಕದ್ದ ಹಾಗೆ ಆಗುತ್ತದೆಯಂತೆ. ಇದರಿಂದಲೇ ಪ್ರವಾಹ ಬರುತ್ತದೆಯಂತೆ. ನಮ್ಮ ಆರು ವರ್ಷದ ಮಗಳು ಹಿಮ ಬಿದ್ದ ದಿನ ಹಿಡಿ ಹಿಡಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಭಯ ಪಡಬೇಕಾ? ನಮ್ಮಲ್ಲಿ ಮಳೆಗಾಗಿ ಮಾಡಿದ ವರುಣ, ವರ್ಷಧಾರೆ ಯೋಜನೆಗಳು ಕೂಡ ಇದೇ ಅಲ್ವಾ?

ಉತ್ತರ: ಮೊದಲು ಮಗಳ ವಿಷಯ ಮುಗಿಸೋಣ. ತಿನ್ನಲಿ ಬಿಡಿ. ರಸ್ತೆ ಪಕ್ಕದ ಕಂದು ಹಿಮ ಮಾತ್ರ ಬೇಡ. ಅದಕ್ಕೆ ಕಾರಣ ಮೋಡ ಬಿತ್ತನೆ ಅಲ್ಲ, ರಸ್ತೆಗೆ ಹಾಕುವ ಉಪ್ಪು, ಗಾಡಿಗಳ ಎಣ್ಣೆ, ನಾಯಿಗಳು.

ಸಹಿ ಹಾಕಬೇಕಾ ಬೇಡವಾ ಅನ್ನುವುದಕ್ಕೆ ಸ್ವಲ್ಪ ದೂರ ಸುತ್ತಿ ಬರಬೇಕು.

ಸಕಲೇಶಪುರದವರಿಗೆ ಅರ್ಧ ವಿಷಯ ನಾನು ಹೇಳಿಕೊಡಬೇಕಾಗಿಲ್ಲ. ಅರಬ್ಬಿ ಸಮುದ್ರದಿಂದ ಬಂದ ಒದ್ದೆ ಗಾಳಿ ಘಟ್ಟ ಹತ್ತುತ್ತದೆ, ಹತ್ತುತ್ತಾ ತಣ್ಣಗಾಗುತ್ತದೆ, ಅಲ್ಲೇ ಸುರಿಯುತ್ತದೆ. ಅರಸೀಕೆರೆ ಮುಟ್ಟುವಷ್ಟರಲ್ಲಿ ಮೋಡದ ಜೇಬು ಖಾಲಿ. ಐಡಹೋದಲ್ಲೂ ಇದೇ ಕಥೆ. ಸಮುದ್ರ ಪೆಸಿಫಿಕ್, ಕಾಲ ಚಳಿಗಾಲ, ಬೀಳುವುದು ಹಿಮ, ಅಷ್ಟೇ ವ್ಯತ್ಯಾಸ.

ಆದರೆ ಬೆಟ್ಟ ಹತ್ತಿದ ಮೋಡವೆಲ್ಲ ಬೀಳುವುದಿಲ್ಲ. ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಮೋಡದೊಳಗಿನ ಸಣ್ಣ ಹನಿಗಳು ಮಾತ್ರ ಸೊನ್ನೆಗಿಂತ ಹತ್ತು, ಹದಿನೈದು ಡಿಗ್ರಿ ಕೆಳಗೂ ನೀರಾಗಿಯೇ ತೇಲುತ್ತಿರುತ್ತವೆ. ತೀರಾ ಶುದ್ಧ ಹನಿಯಾದರೆ ಮೈನಸ್ 38 ಡಿಗ್ರಿ ತನಕವೂ ಹಾಗೇ ಇರಬಲ್ಲದು. ಹಾಲು ತಾನಾಗಿ ಮೊಸರಾಗುವುದಿಲ್ಲ, ಒಂದು ಚಮಚ ಹೆಪ್ಪು ಬೇಕು. ಈ ಹನಿಗಳಿಗೂ ಹಾಗೆಯೇ ಒಂದು ಕಣ ಬೇಕು. ಸಾಮಾನ್ಯವಾಗಿ ಧೂಳಿನ ಕಣಗಳು ಆ ಕೆಲಸ ಮಾಡುತ್ತವೆ. ಅವು ಸಾಲದಿದ್ದಾಗ ಹನಿಗಳು ಬೆಟ್ಟ ದಾಟಿ ಆ ಕಡೆ ಇಳಿದು ಆವಿಯಾಗಿ ಹೋಗುತ್ತವೆ.

ಮೋಡಕ್ಕೆ ಹಾಕುವ ಈ ಹೆಪ್ಪೇ ಸಿಲ್ವರ್ ಅಯೋಡೈಡ್. ಅದರ ಹರಳಿನ ಜೋಡಣೆ ಮಂಜುಗಡ್ಡೆಯ ಹರಳನ್ನೇ ಹೋಲುತ್ತದೆ. ಹಾಗಾಗಿ ಮೈನಸ್ 5-6 ಡಿಗ್ರಿ ಇರುವಾಗಲೇ ಅದರ ಸುತ್ತ ಹಿಮ ಕಟ್ಟಲು ಶುರುವಾಗುತ್ತದೆ. 1946ರಲ್ಲಿ ನ್ಯೂಯಾರ್ಕ್ ರಾಜ್ಯದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ವಿನ್ಸೆಂಟ್ ಶೇಫರ್ ಒಣ ಮಂಜುಗಡ್ಡೆಯಿಂದ, ಅಂದರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡಿನಿಂದ, ಮೋಡವನ್ನು ಹಿಮ ಮಾಡಿ ತೋರಿಸಿದರು. ಅದೇ ಪ್ರಯೋಗಾಲಯದ ಬರ್ನಾರ್ಡ್ ವಾನೆಗಟ್ ಸ್ವಲ್ಪ ದಿನದಲ್ಲೇ ಸಿಲ್ವರ್ ಅಯೋಡೈಡಿನ ಗುಣ ಕಂಡುಹಿಡಿದರು. ಎಂಬತ್ತು ವರ್ಷವಾದರೂ ಹೆಪ್ಪು ಬದಲಾಗಿಲ್ಲ.

ಹಾಕುವ ವಿಧಾನ ಎರಡು. ವಿಮಾನದ ರೆಕ್ಕೆಗೆ ಮತಾಪಿನಂಥ ಕೊಳವೆ ಕಟ್ಟಿ ಮೋಡದೊಳಗೆ ಸುಡುವುದು ಒಂದು. ಬೆಟ್ಟದ ಗಾಳಿ ಬರುವ ಬದಿಯಲ್ಲಿ ಜನರೇಟರ್ ನಿಲ್ಲಿಸಿ ಹೊಗೆ ಬಿಡುವುದು ಇನ್ನೊಂದು. ಜನರೇಟರ್ ಅಂದ ಕೂಡಲೇ ಕರೆಂಟ್ ಹೋದಾಗ ಹಚ್ಚುವುದು ನೆನಪಾಗುತ್ತದೆ, ಅದಲ್ಲ. ಇದು ಕಂಬದ ಮೇಲಿನ ಒಂದು ಗ್ಯಾಸ್ ಒಲೆ ಅಂದುಕೊಳ್ಳಿ. ಸಿಲ್ವರ್ ಅಯೋಡೈಡ್ ಕರಗಿಸಿದ ದ್ರಾವಣವನ್ನು ಪ್ರೊಪೇನ್ ಬೆಂಕಿಯಲ್ಲಿ ಸುಡುತ್ತದೆ. ಉಳಿದದ್ದನ್ನು ಗಾಳಿ ನೋಡಿಕೊಳ್ಳುತ್ತದೆ.

ಇಷ್ಟು ಹೇಳಿದ್ದು ಒಂದು ಮಾತಿಗೋಸ್ಕರ. ಹಾಲಿಲ್ಲದಿದ್ದರೆ ಹೆಪ್ಪು ಹಾಕಿ ಪ್ರಯೋಜನವಿಲ್ಲ. ಮೋಡ ಬಿತ್ತನೆ ಮೋಡವನ್ನು ಹುಟ್ಟಿಸುವುದಿಲ್ಲ. ಅದಕ್ಕೇ ಬರಗಾಲದಲ್ಲಿ, ಅಂದರೆ ಜನ ಇದನ್ನು ಗಟ್ಟಿಯಾಗಿ ಕೇಳುವ ಹೊತ್ತಿನಲ್ಲೇ, ಇದು ಕೈಕೊಡುತ್ತದೆ.

ಎಷ್ಟು ಜಾಸ್ತಿ ಬೀಳುತ್ತದೆ? ಇದರ ಅತ್ಯಂತ ಸ್ಪಷ್ಟ ಉತ್ತರ ಸಿಕ್ಕಿದ್ದು ನಿಮ್ಮ ಊರಿನ ಉತ್ತರಕ್ಕೆ, ಪೇಯೆಟ್ ನದಿಯ ಬೆಟ್ಟಗಳಲ್ಲಿ. 2017ರ ಚಳಿಗಾಲದಲ್ಲಿ ಕೊಲರಾಡೊ, ವಯೋಮಿಂಗ್, ಇಲಿನಾಯ್ ವಿಶ್ವವಿದ್ಯಾಲಯದವರು ಸೇರಿ 'ಸ್ನೋವಿ' ಅನ್ನುವ ಪ್ರಯೋಗ ಮಾಡಿದರು. ವಿಮಾನ ಹಿಂದೆ ಮುಂದೆ ಹಾರಿ ಬಿತ್ತುತ್ತಾ ಹೋಯಿತು. ಸ್ವಲ್ಪ ಹೊತ್ತಿಗೆ ರೇಡಾರ್ ಪರದೆಯ ಮೇಲೆ ಅದೇ ಅಂಕುಡೊಂಕು ಗೆರೆಗಳಲ್ಲಿ ಹಿಮ ಮೂಡಿತು. ಗಾಳಿ ಹೀಗೆ ಗೆರೆ ಎಳೆಯುವುದಿಲ್ಲ. ಇದು ಮನುಷ್ಯನ ಕೈವಾಡವೇ ಅಂತ ಅನುಮಾನಕ್ಕೆ ಎಡೆ ಇಲ್ಲದ ಹಾಗೆ ಗೊತ್ತಾದದ್ದು ಆಗಲೇ. ಬಿತ್ತನೆ ನಿಜಕ್ಕೂ ಕೆಲಸ ಮಾಡುತ್ತದಾ ಅಂತ ಎಪ್ಪತ್ತು ವರ್ಷ ವಾದ ಮಾಡಿದ, ಮೋಡಗಳನ್ನು ಓದುವ ನನ್ನ ವೃತ್ತಿಯವರು ಆ ಚಿತ್ರ ನೋಡಿ ಎಷ್ಟು ಖುಷಿಪಟ್ಟರು ಅಂತ ನಿಮಗೆ ಹೇಳಿ ಮುಗಿಯುವುದಿಲ್ಲ.

ಈಗ ಪ್ರಮಾಣ ನೋಡಿ. ಆ ಜನವರಿ 19, 20 ಮತ್ತು 31ರ ಮೂರು ಬಿತ್ತನೆಗಳಿಂದ ಬಿದ್ದ ಹಿಮದ ನೀರು ಕ್ರಮವಾಗಿ ಸುಮಾರು 1.23 ಲಕ್ಷ, 2.41 ಲಕ್ಷ, 3.40 ಲಕ್ಷ ಘನ ಮೀಟರ್. ಒಟ್ಟು ಏಳು ಲಕ್ಷ. ಕೇಳಲು ದೊಡ್ಡದು. ನಮ್ಮ ಲೆಕ್ಕದಲ್ಲಿ ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ಮೂರೂ ಸೇರಿ 0.025 ಟಿಎಂಸಿ ಆಯಿತು. ಕೆಆರ್‌ಎಸ್ ತುಂಬಲು 49.45 ಟಿಎಂಸಿ ಬೇಕು. ಜನವರಿ 19ರಂದು ಬಿತ್ತಿದ್ದು 20 ನಿಮಿಷ, ಅದರಿಂದ ಹಿಮ ಬಿದ್ದದ್ದು 67 ನಿಮಿಷ, ಕೂಡಿದ್ದು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ರಂಗೋಲಿ ಪುಡಿ ಉದುರಿಸಿದಷ್ಟು.

ಚಳಿಗಾಲವಿಡೀ ಹೀಗೆ ಉದುರಿಸುತ್ತಾ ಹೋದರೆ ಒಂದಿಷ್ಟು ಕೂಡುತ್ತದೆ ನಿಜ. ವಯೋಮಿಂಗ್ ರಾಜ್ಯ ಎರಡು ಬೆಟ್ಟಸಾಲುಗಳಲ್ಲಿ ಆರು ಚಳಿಗಾಲ, 2008ರಿಂದ 2014ರವರೆಗೆ, ಚೀಟಿ ಎತ್ತಿದ ಹಾಗೆ ಯಾವ ಸಾಲಿಗೆ ಬಿತ್ತಬೇಕು ಅಂತ ಆರಿಸಿ ಪರೀಕ್ಷೆ ಮಾಡಿತು. ಬಿತ್ತಲು ಹದವಾದ ಮೋಡಗಳಲ್ಲಿ ಹಿಮ ಶೇ 5ರಿಂದ 15ರಷ್ಟು ಹೆಚ್ಚಬಹುದು ಅನ್ನುವುದು ಅವರ ತೀರ್ಮಾನ. ಆದರೆ ಎಲ್ಲ ಮೋಡಗಳೂ ಹದಕ್ಕೆ ಬಂದಿರುವುದಿಲ್ಲ. ಚಳಿಗಾಲದ ಒಟ್ಟು ಸಮಯದಲ್ಲಿ ಮೂರನೇ ಒಂದು ಪಾಲು ಹೊತ್ತೂ ಅಂಥ ಮೋಡ ಸಿಗುವುದಿಲ್ಲ. ಹಾಗಾಗಿ ಇಡೀ ಚಳಿಗಾಲದ ಲೆಕ್ಕಕ್ಕೆ ಬಂದಾಗ ಆ ಶೇಕಡಾವಾರು ಸೊರಗುತ್ತದೆ. ಇಸ್ರೇಲಿನಲ್ಲಿ ದಶಕಗಟ್ಟಲೆ ಬಿತ್ತನೆ ನಡೆದಿತ್ತು. 2013ರಿಂದ 2020ರವರೆಗೆ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿದಾಗ ಸಿಕ್ಕ ಹೆಚ್ಚಳ ಶೇ 1.8. ಅದೂ ಆಕಸ್ಮಿಕ ಇರಬಹುದಾದಷ್ಟು ಸಣ್ಣದು. ನಿಲ್ಲಿಸಿಬಿಟ್ಟರು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2024ರ ಡಿಸೆಂಬರಿನಲ್ಲಿ ಎಲ್ಲ ಅಧ್ಯಯನಗಳನ್ನೂ ಗುಡ್ಡೆ ಹಾಕಿ ನೋಡಿ ಹೇಳಿದ್ದು 'ಶೇ 0ರಿಂದ 20' ಅಂತ. ಇಷ್ಟು ಅಗಲದ ಉತ್ತರವನ್ನು ನಾವು ಪರೀಕ್ಷೆಯಲ್ಲಿ ಬರೆದಿದ್ದರೆ ಮೇಷ್ಟ್ರು ಬಿಡುತ್ತಿರಲಿಲ್ಲ. ಆದರೆ ಪರಿಸ್ಥಿತಿ ಇರುವುದೇ ಹಾಗೆ.

ಈಗ ಬೆಳ್ಳಿ. ಕಾಗದ ಪೆನ್ಸಿಲ್ ತೆಗೆದುಕೊಳ್ಳಿ, ನಾವೇ ಲೆಕ್ಕ ಮಾಡಿಬಿಡೋಣ. ಒಂದು ಜನರೇಟರ್ ಗಂಟೆಗೆ ಸುಮಾರು 20 ಗ್ರಾಂ ಸಿಲ್ವರ್ ಅಯೋಡೈಡ್ ಸುಡುತ್ತದೆ. ಹತ್ತು ಜನರೇಟರ್ ಹತ್ತು ಗಂಟೆ ಉರಿದರೆ 2 ಕಿಲೋ. ಅದು 2000 ಚದರ ಕಿಲೋಮೀಟರಿಗೆ ಹರಡಿತು ಅಂತಿಟ್ಟುಕೊಳ್ಳಿ. ಒಂದು ಚದರ ಮೀಟರಿಗೆ ಒಂದು ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು. ಅದರೊಳಗೆ ಬೆಳ್ಳಿ ಶೇ 46 ಮಾತ್ರ, ಉಳಿದದ್ದು ಅಯೋಡಿನ್. ಅವತ್ತು 10 ಮಿಲಿಮೀಟರ್ ನೀರಾಗುವಷ್ಟು ಹಿಮ ಬಿದ್ದರೆ ಚದರ ಮೀಟರಿಗೆ 10 ಲೀಟರ್. ಲೀಟರಿಗೆ ಬೆಳ್ಳಿ 0.05 ಮೈಕ್ರೋಗ್ರಾಮಿನೊಳಗೆ. ಕುಡಿಯುವ ನೀರಿಗೆ ಅಮೆರಿಕದಲ್ಲಿ ಹೇಳುವ ಮಿತಿ ಲೀಟರಿಗೆ 100 ಮೈಕ್ರೋಗ್ರಾಂ. ಎರಡು ಸಾವಿರ ಪಟ್ಟು ಅಂತರ ಇದೆ.

ಕಾಜು ಬರ್ಫಿ ಮೇಲಿನ ಬೆಳ್ಳಿ ರೇಕು ತಿಂದಿದ್ದೀರಲ್ಲ? ಬರೀ ಒಂದು ಮಿಲಿಗ್ರಾಂ ರೇಕಿನಷ್ಟು ಬೆಳ್ಳಿ ಈ ಹಿಮದಿಂದ ಹೊಟ್ಟೆಗೆ ಹೋಗಬೇಕಾದರೆ ಇಪ್ಪತ್ತು ಸಾವಿರ ಲೀಟರ್ ಕುಡಿಯಬೇಕು.

ಮೀನಿನ ಕಥೆ ಬೇರೆ ಅಂತ ಕೆಲವರು ಹೇಳುತ್ತಾರೆ. ಅದೂ ಸರಿಯೇ. ನೀರಿನಲ್ಲಿ ಬಿಡಿಯಾಗಿ ಕರಗಿದ ಬೆಳ್ಳಿ ಮೀನಿನ ಕಿವಿರಿಗೂ ಪಾಚಿಗೂ ವಿಷ. ಆದರೆ ಸಿಲ್ವರ್ ಅಯೋಡೈಡ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಬಂಡೆ ಪುಡಿಯ ಹಾಗೆ ಕೂತಿರುತ್ತದೆ. ಮಣ್ಣಿನಲ್ಲಿ ಕೂತಿರುತ್ತದೆ ಅನ್ನುವುದೇ ನನ್ನನ್ನು ಸ್ವಲ್ಪ ಯೋಚನೆಗೆ ಹಚ್ಚುವ ಸಂಗತಿ. ಮೇಲಿನ ಲೆಕ್ಕವನ್ನೇ ಮುಂದುವರಿಸಿ. ವರ್ಷಕ್ಕೆ ಇಂಥ 25 ಬಿತ್ತನೆ, ಬಿದ್ದ ಬೆಳ್ಳಿಯೆಲ್ಲ ಮೇಲಿನ ಒಂದು ಸೆಂಟಿಮೀಟರ್ ಮಣ್ಣಿನಲ್ಲೇ ಉಳಿಯಿತು ಅಂತಿಟ್ಟುಕೊಂಡರೆ, ಮಣ್ಣಿನಲ್ಲಿ ಹುಟ್ಟಿನಿಂದ ಇರುವ ಬೆಳ್ಳಿಯಷ್ಟೇ ಇನ್ನೊಂದು ಪಾಲು ಸೇರಲು ತೊಂಬತ್ತು, ನೂರು ವರ್ಷ ಹಿಡಿಯುತ್ತದೆ. ಇದು ಸರಾಸರಿ. ಜನರೇಟರಿನ ಬುಡದಲ್ಲಿ ಇದಕ್ಕಿಂತ ಬೇಗ ಸೇರುತ್ತದೆ. 2016ರಲ್ಲಿ ಸ್ಪೇನಿನ ಸಂಶೋಧಕರು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಪದೇ ಪದೇ ಬಿತ್ತಿದ ಜಾಗದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಮಧ್ಯಮ ಮಟ್ಟದ ಪರಿಣಾಮ ಆಗಬಹುದು ಅಂದಿದ್ದಾರೆ. ಆದ್ದರಿಂದ ನನ್ನ ಮಾತು ಇಷ್ಟು: ಕುಡಿಯುವ ನೀರಿನ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಇಪ್ಪತ್ತು ಮೂವತ್ತು ವರ್ಷ ಒಂದೇ ಕಡೆ ನಿಂತ ಜನರೇಟರಿನ ಸುತ್ತಲಿನ ಮಣ್ಣನ್ನು ಮಾತ್ರ ಆಗಾಗ ಪರೀಕ್ಷಿಸಿ, ಅಂಕಿ ಅಂಶ ಎಲ್ಲರಿಗೂ ಕಾಣುವ ಹಾಗೆ ಇಡಲಿ.

ಪಕ್ಕದವರ ಮಳೆ ಕದಿಯುವ ಆರೋಪ ಮೋಡ ಬಿತ್ತನೆಯಷ್ಟೇ ಹಳೆಯದು. 1950ರಲ್ಲಿ ನ್ಯೂಯಾರ್ಕ್ ನಗರಕ್ಕೆ ನೀರಿನ ಬರ ಬಂದಾಗ ಕ್ಯಾಟ್‌ಸ್ಕಿಲ್ ಬೆಟ್ಟಗಳ ಮೇಲೆ ಬಿತ್ತನೆಗೆ ಹೊರಟರು. ಅಲ್ಲಿನ ಒಬ್ಬ ರೆಸಾರ್ಟ್ ಮಾಲೀಕರು, ಮಳೆ ಬಂದರೆ ನನ್ನ ಗಿರಾಕಿಗಳು ಬರುವುದಿಲ್ಲ ಅಂತ ಕೋರ್ಟಿಗೆ ಹೋದರು. ನಗರದ ಲಕ್ಷಾಂತರ ಜನರ ಬಾಯಾರಿಕೆಯ ಮುಂದೆ ನಿಮ್ಮ ಗಿರಾಕಿ ದೊಡ್ಡದಲ್ಲ ಅಂತ ಕೋರ್ಟು ತಡೆ ಕೊಡಲಿಲ್ಲ. ಕೊಲರಾಡೊ ರಾಜ್ಯ ಇನ್ನೂ ಮುಂದೆ ಹೋಗಿದೆ. ನಮ್ಮ ಗಡಿಯೊಳಗೆ ತಾನಾಗಿ ಬೀಳುವ, ಬೀಳಿಸಿದ ಆಕಾಶದ ತೇವವೆಲ್ಲ ನಮ್ಮದು ಅಂತ ಕಾನೂನಿನಲ್ಲೇ ಬರೆದುಕೊಂಡಿದೆ. ಕಾವೇರಿ ಜಗಳ ನೋಡಿ ಬೆಳೆದ ನಮಗೆ ಇದು ಅರ್ಥವಾಗುತ್ತದೆ. ನದಿ ಸಾಲದು ಅಂತ ಮೋಡಕ್ಕೂ ಬೇಲಿ.

ವಿಜ್ಞಾನದ ಕಡೆಯಿಂದ ನೋಡಿದರೆ ಈ ಆರೋಪದಲ್ಲಿ ಹೆಚ್ಚು ಹುರುಳಿಲ್ಲ. ಬೆಟ್ಟದ ಮೇಲೆ ಹಾದುಹೋಗುವ ನೂರು ಪಾಲು ತೇವದಲ್ಲಿ ಇಪ್ಪತ್ತು ಪಾಲು ಮೋಡ ಆಗುತ್ತದೆ, ಅದರಲ್ಲಿ ಮೂರನೇ ಒಂದು ಪಾಲು ಬೀಳುತ್ತದೆ ಅಂತ ಲೆಕ್ಕ ಹಿಡಿಯೋಣ. ಆರೋ ಏಳೋ ಪಾಲು ಆಯಿತು. ಬಿತ್ತನೆ ಅದನ್ನು ಶೇ 10 ಹೆಚ್ಚಿಸಿದರೂ ಗಾಳಿಯಿಂದ ಹೆಚ್ಚುವರಿಯಾಗಿ ಹೋದದ್ದು ನೂರರಲ್ಲಿ ಒಂದು ಪಾಲೂ ಅಲ್ಲ. ಬೆಟ್ಟದಾಚೆಯ ಊರಿನಲ್ಲಿ ಯಾವ ಮಾಪಕಕ್ಕೂ ಅದು ಸಿಕ್ಕುವುದಿಲ್ಲ.

ಪ್ರವಾಹದ ಮಾತು ಕೂಡ ಹೀಗೆಯೇ. 1955ರ ಕ್ರಿಸ್ಮಸ್ ಹೊತ್ತಿಗೆ ಕ್ಯಾಲಿಫೋರ್ನಿಯಾದ ಯೂಬಾ ಸಿಟಿ ಮುಳುಗಿತು. ಮೇಲಿನ ಬೆಟ್ಟಗಳಲ್ಲಿ ವಿದ್ಯುತ್ತಿಗಾಗಿ ಬಿತ್ತನೆ ನಡೆಯುತ್ತಿತ್ತು. ಜನ ಮೊಕದ್ದಮೆ ಹಾಕಿದರು, ಬಿತ್ತನೆಯೇ ಕಾರಣ ಅಂತ ಸಾಬೀತಾಗಲಿಲ್ಲ. 2025ರ ಜುಲೈ 4ರಂದು ಟೆಕ್ಸಸ್‌ನಲ್ಲಿ ನೂರಕ್ಕೂ ಹೆಚ್ಚು ಜನ ನೆರೆಗೆ ಸಿಕ್ಕಿ ಸತ್ತಾಗಲೂ ಅದೇ ಆಯಿತು. ಎರಡು ದಿನ ಮುಂಚೆ, ಬಹು ದೂರದಲ್ಲಿ, ಒಂದು ಕಂಪನಿ ಸ್ವಲ್ಪ ಹೊತ್ತು ಬಿತ್ತಿತ್ತು. ಬಿತ್ತನೆಯ ಕಡೆ ಬೆರಳು ತೋರಿಸಲು ಅಷ್ಟು ಸಾಕಾಯಿತು. ಒಂದು ಮಿಲಿಮೀಟರಿನ ಹತ್ತನೇ ಪಾಲು ಕೊಡುವ ಹೆಪ್ಪು ಅಷ್ಟು ದೊಡ್ಡ ನೆರೆ ತರಲಾರದು. ಆದರೆ ಜನರ ಅನುಮಾನ ಗಾಳಿಯಿಂದ ಹುಟ್ಟಿದ್ದೂ ಅಲ್ಲ. 1967ರಿಂದ 1972ರವರೆಗೆ ವಿಯೆಟ್ನಾಂ ಯುದ್ಧದಲ್ಲಿ ಶತ್ರುಗಳ ದಾರಿ ಕೆಸರು ಮಾಡಲು ಅಮೆರಿಕದ ಸೇನೆ ಗುಟ್ಟಾಗಿ ಮೋಡ ಬಿತ್ತುತ್ತಿತ್ತು. ಸಂಸತ್ತಿಗೂ ಹೇಳಿರಲಿಲ್ಲ. ಒಮ್ಮೆ ಹಾಗೆ ಗುಟ್ಟು ಮಾಡಿದ ಮೇಲೆ ಮುಂದಿನವರು ನಿಜ ಹೇಳಿದರೂ ನಂಬುವುದು ಕಷ್ಟ. ಟೆನೆಸಿ 2024ರಲ್ಲಿ, ಫ್ಲಾರಿಡಾ 2025ರಲ್ಲಿ ಇದನ್ನು ನಿಷೇಧಿಸಿದ್ದರ ಹಿಂದೆ ಈ ಅಪನಂಬಿಕೆ ಇದೆ. ಈ ಎರಡೂ ಕಡೆ ಹಿಮಕ್ಕಾಗಿ ಯಾರೂ ಬಿತ್ತುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಇಲ್ಲಿಯವರೆಗೆ ನಿಮ್ಮ ಪಕ್ಕದ ಮನೆಯವರ ಮಾತನ್ನೆಲ್ಲ ನಾನು ತಳ್ಳಿಹಾಕಿದ ಹಾಗಾಯಿತು. ಆದರೆ ಅವರು ಕೇಳದೇ ಬಿಟ್ಟ ಒಂದು ಪ್ರಶ್ನೆ ಇದೆ. ನನ್ನ ಮಟ್ಟಿಗೆ ಅದೇ ಮುಖ್ಯ. ಹಿಮ ಬೀಳುವುದು ಯಾರ ಮನೆ ಮೇಲೆ, ನೀರು ಹೋಗುವುದು ಯಾರ ಮನೆಗೆ?

ಇದಕ್ಕೆ ಕೊಲರಾಡೊ ನದಿಯನ್ನು ನೋಡಬೇಕು. ಏಳು ರಾಜ್ಯ, ಸುಮಾರು ನಾಲ್ಕು ಕೋಟಿ ಜನ, ಕೊನೆಗೆ ಮೆಕ್ಸಿಕೋ, ಎಲ್ಲರೂ ಈ ಒಂದು ನದಿಗೆ ಕೈಯೊಡ್ಡಿದ್ದಾರೆ. 1922ರಲ್ಲಿ ಒಪ್ಪಂದ ಮಾಡಿಕೊಂಡಾಗ ನದಿಯಲ್ಲಿ ಇಲ್ಲದಷ್ಟು ನೀರು ಇದೆ ಅಂದುಕೊಂಡು ಹಂಚಿಕೊಂಡರು. ನೀರಿನ ಬಹುಪಾಲು ಮೇಲಿನ ಬೆಟ್ಟಗಳ ಹಿಮ ಕರಗಿ ಬರುವುದು. ಹಾಗಾಗಿ ನೆವಾಡಾ, ಅರಿಜೋನಾ, ಕ್ಯಾಲಿಫೋರ್ನಿಯಾದ ನೀರು ಸಂಸ್ಥೆಗಳು ತಮ್ಮ ಊರಿನಿಂದ ನೂರಾರು ಮೈಲಿ ದೂರದ ಕೊಲರಾಡೊ, ಯೂಟಾ, ವಯೋಮಿಂಗ್ ಬೆಟ್ಟಗಳ ಮೇಲೆ ಬಿತ್ತಲು ದುಡ್ಡು ಕೊಡುತ್ತವೆ. 2023ರಲ್ಲಿ ಕೇಂದ್ರದ ನೀರಾವರಿ ಇಲಾಖೆಯೂ ಇದಕ್ಕೆ 24 ಲಕ್ಷ ಡಾಲರ್ ಕೊಟ್ಟಿತು. ಯೂಟಾ ರಾಜ್ಯ ಅದೇ ವರ್ಷ ಒಂದು ಸಲಕ್ಕೆ 1.2 ಕೋಟಿ, ಆಮೇಲೆ ವರ್ಷ ವರ್ಷ 50 ಲಕ್ಷ ಡಾಲರ್ ಎತ್ತಿಟ್ಟಿತು. ಲಾಸ್ ವೇಗಸ್‌ನವರ ನಲ್ಲಿಗೆ ಹೆಪ್ಪು ಹಾಕುವುದು ಬೇರೆಯವರ ಬೆಟ್ಟದಲ್ಲಿ.

ಆ ಬೆಟ್ಟದಲ್ಲಿ ಯಾರಿದ್ದಾರೆ? ಕೊಲರಾಡೊದ ಸ್ಯಾನ್ ಹ್ವಾನ್ ಬೆಟ್ಟಗಳಲ್ಲಿ ಸಿಲ್ವರ್ಟನ್ ಅನ್ನುವ ಪುಟ್ಟ ಊರಿದೆ. ಹಳೆಯ ಬೆಳ್ಳಿ ಗಣಿಯ ಊರು, ಎತ್ತರ 2,800 ಮೀಟರಿಗೂ ಜಾಸ್ತಿ. ಅಲ್ಲಿಂದ ಯೂರೇ ಊರಿಗೆ ಹೋಗುವ ಹೆದ್ದಾರಿ 550 ಕಣಿವೆಯ ಅಂಚಿನಲ್ಲಿ ಸಾಗುತ್ತದೆ. ಮೇಲಿನಿಂದ ಹಿಮದ ರಾಶಿ ಜಾರಿ ರಸ್ತೆಗೆ ಬೀಳುವ ಜಾಗಗಳು ಅಲ್ಲಿ ಒಂದೆರಡಲ್ಲ. ರಸ್ತೆ ತೆರವು ಮಾಡುವ ಗಾಡಿ ಓಡಿಸುವವರು 1970, 1978 ಮತ್ತು 1992ರಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತಿದ್ದಾರೆ. ಆ ಸಾವುಗಳನ್ನು ನಾನು ಮೋಡ ಬಿತ್ತನೆಯ ತಲೆಗೆ ಕಟ್ಟುತ್ತಿಲ್ಲ. ಆದರೆ 'ಹಿಮ ಶೇ 10 ಜಾಸ್ತಿ' ಅಂದಾಗ ಕೆಳಗಿನ ಊರಿನ ಇಂಜಿನಿಯರಿಗೆ ಅಣೆಕಟ್ಟಿನ ಮಟ್ಟ ಕಾಣುತ್ತದೆ, ಈ ಡ್ರೈವರಿಗೆ ತನ್ನ ಬೆಳಗಿನ ಪಾಳಿ ಕಾಣುತ್ತದೆ.

1970ರಿಂದ ಐದು ವರ್ಷ ಇದೇ ಬೆಟ್ಟಗಳಲ್ಲಿ ಸರ್ಕಾರ ದೊಡ್ಡ ಬಿತ್ತನೆ ಪ್ರಯೋಗ ಮಾಡಿತು. ಅದರ ಜೊತೆಗೇ ಕಾಡು, ಹುಲ್ಲು, ಜಿಂಕೆ, ಬೆಳ್ಳಿ ಎಲ್ಲದರ ಬಗ್ಗೆ ಪರಿಸರ ಅಧ್ಯಯನವೂ ನಡೆಯಿತು. 1974ರಲ್ಲಿ ಮೇಲಿನ ಕೊಲರಾಡೊ ಕಣಿವೆಯ ಜನಜೀವನದ ಮೇಲೆ ಹೆಚ್ಚುವರಿ ಹಿಮದ ಪರಿಣಾಮವೇನು ಅಂತ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯ ವರದಿಯೂ ಬಂತು. ಐವತ್ತು ವರ್ಷದ ಹಿಂದೆಯೇ ಇಷ್ಟು ಯೋಚಿಸಿದ್ದರು. ಇವತ್ತಿನ ಕಾರ್ಯಕ್ರಮಗಳಲ್ಲಿ ಸಿಗುವುದು ಹೆಚ್ಚಾಗಿ ಎಷ್ಟು ನೀರಿಗೆ ಎಷ್ಟು ಡಾಲರ್ ಅನ್ನುವ ಲೆಕ್ಕ ಮಾತ್ರ. ನನಗೆ ಇದು ಹಿಂದಕ್ಕೆ ಹೋದ ಹಾಗೆ ಕಾಣುತ್ತದೆ.

ಹೆಚ್ಚುವರಿ ಹಿಮ ಎಲ್ಲರಿಗೂ ಕೆಟ್ಟದ್ದೇನಲ್ಲ. ಸ್ಕೀ ಆಡಿಸುವವರಿಗೆ ಹಬ್ಬ. ಹಿಮದ ಹೊದಿಕೆಯ ಕೆಳಗೆ ಬೆಚ್ಚಗಿರುವ ಇಲಿ, ಹೆಗ್ಗಣದ ಜಾತಿಗಳಿಗೂ ಒಳ್ಳೆಯದು. ಕಾಡು ತಡವಾಗಿ ಒಣಗಿದರೆ ಬೆಂಕಿಯ ಭಯ ಸ್ವಲ್ಪ ಕಡಿಮೆ. ಆದರೆ ಎಲ್ಕ್ ಅನ್ನುವ ದೊಡ್ಡ ಕಡವೆ ಹಿಮ ಕೆರೆದು ಹುಲ್ಲು ಹುಡುಕಬೇಕು. ಹಿಮ ಆಳವಾದಷ್ಟೂ ಅದರ ಮೈ ಕರಗುತ್ತದೆ. ಬೆಟ್ಟದ ಮೇಲಿನ ತಗ್ಗುಗಳಲ್ಲಿ ಹಿಮ ಒಂದು ವಾರ ತಡವಾಗಿ ಕರಗಿದರೂ ಅಲ್ಲಿನ ಸಣ್ಣ ಗಿಡಗಳಿಗೆ ಹೂ ಬಿಟ್ಟು ಬೀಜ ಕಟ್ಟಲು ಸಮಯ ಸಾಲುವುದಿಲ್ಲ. ಅವುಗಳ ಬೇಸಿಗೆ ಇರುವುದೇ ಆರೆಂಟು ವಾರ. ದನ ಸಾಕುವವರಿಗೆ ಮೇವಿನ ಖರ್ಚು, ಊರಿನ ಪಂಚಾಯಿತಿಗೆ ರಸ್ತೆ ತೆರವು ಮಾಡುವ ಖರ್ಚು, ಮನೆಯವರಿಗೆ ಮಾಡಿನ ಮೇಲಿನ ಭಾರ. ಇವೆಲ್ಲ ಸಣ್ಣ ಸಣ್ಣ ಮೊತ್ತ ನಿಜ. ಲಾಭ ಕೂಡ ಸಣ್ಣದೇ ಅಂತ ಆಗಲೇ ನೋಡಿದೆವಲ್ಲ. ಸಣ್ಣ ಲಾಭ ಒಬ್ಬರ ಜೇಬಿಗೆ, ಸಣ್ಣ ನಷ್ಟ ಇನ್ನೊಬ್ಬರ ಜೇಬಿನಿಂದ, ಇಬ್ಬರೂ ಒಂದೇ ಮೇಜಿನ ಮುಂದೆ ಕೂತದ್ದೇ ಇಲ್ಲ. ತಕರಾರು ಇರುವುದು ಇಲ್ಲಿ.

ಒಂದು ಪಕ್ಕದ ಮಾತು ಹೇಳಲೇಬೇಕು. ಇದೇ ಸ್ಯಾನ್ ಹ್ವಾನ್ ಬೆಟ್ಟಗಳ ಹಿಮದ ಮೇಲೆ ವಸಂತದಲ್ಲಿ ಕೆಂಪು ಧೂಳು ಬಂದು ಕೂರುತ್ತದೆ. ಕೆಳಗಿನ ಒಣ ಬಯಲಿನಲ್ಲಿ ದನ ಮೇಯಿಸಿ, ಗಾಡಿ ಓಡಿಸಿ, ಉತ್ತು, ಸಡಿಲವಾದ ಮಣ್ಣು ಅದು. ಕಪ್ಪು ಬಟ್ಟೆ ಬಿಸಿಲಿಗೆ ಬೇಗ ಕಾಯುವ ಹಾಗೆ ಧೂಳು ಕೂತ ಹಿಮ ಬೇಗ ಕರಗುತ್ತದೆ. ಮೂರರಿಂದ ಏಳು ವಾರ ಮುಂಚೆ. ಇದರಿಂದ ಕೊಲರಾಡೊ ನದಿಯ ನೀರು ಸರಾಸರಿ ಶೇ 5ರಷ್ಟು ಕಡಿಮೆಯಾಗುತ್ತಿದೆ ಅಂತ 2010ರ ಒಂದು ಅಧ್ಯಯನ ಲೆಕ್ಕ ಹಾಕಿತು. ಅಂದರೆ ಮೇಲಿನಿಂದ ಹೆಪ್ಪು ಹಾಕಿ ಕಷ್ಟಪಟ್ಟು ಗಳಿಸುವ ನೀರಿನಷ್ಟನ್ನೇ ಕೆಳಗಿನಿಂದ ಧೂಳೆಬ್ಬಿಸಿ ಕಳೆಯುತ್ತಿದ್ದಾರೆ. ಹುಲ್ಲು ಬೆಳೆಸಿ ಧೂಳು ಕಟ್ಟಿಹಾಕುವುದು ವಿಮಾನ ಹಾರಿಸಿದಷ್ಟು ಚೆನ್ನಾಗಿ ಟಿವಿಯಲ್ಲಿ ಕಾಣುವುದಿಲ್ಲ, ಅದೇ ತೊಂದರೆ.

ನಿಮ್ಮ ಐಡಹೋ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಬಿತ್ತನೆಗೆ ಮುಂದೆ ಬಂದದ್ದು ಜಲವಿದ್ಯುತ್ ಕಂಪನಿ, 2003ರಲ್ಲಿ, ಪೇಯೆಟ್ ಕಣಿವೆಯಲ್ಲಿ. ಸ್ನೇಕ್ ನದಿ ಮತ್ತು ಅದರ ಉಪನದಿಗಳ ಮೇಲೆ ಅವರ 17 ಜಲವಿದ್ಯುತ್ ಕೇಂದ್ರಗಳಿವೆ. ನೀರು ಬಂದಷ್ಟು ಕರೆಂಟು. ಈಗ ರಾಜ್ಯದ ನೀರು ಮಂಡಳಿಯೂ ಖರ್ಚಿನಲ್ಲಿ ಪಾಲು ಕೊಡುತ್ತದೆ. ಆಲೂಗಡ್ಡೆ ಬೆಳೆಯುವವರಿಗೂ ಅದರ ನೀರು ಹೋಗುತ್ತದೆ. ಹಿಮ, ನೀರು, ಕರೆಂಟು ಎಲ್ಲ ಬಹುಮಟ್ಟಿಗೆ ಒಂದೇ ರಾಜ್ಯದೊಳಗೆ ಇರುವುದರಿಂದ ಕೊಲರಾಡೊದಷ್ಟು ಎಳೆದಾಟ ಇಲ್ಲ. ಆದರೂ ಸಾರ್ವಜನಿಕ ದುಡ್ಡು ಬಂದ ಮೇಲೆ ಸಾರ್ವಜನಿಕರ ಪ್ರಶ್ನೆಗೂ ಜಾಗ ಇರಬೇಕು.

ನಮ್ಮ ವರುಣ, ವರ್ಷಧಾರೆ ಇದೇನಾ ಅಂದಿರಿ. ಹೆಸರು ಒಂದೇ, ಕೆಲಸ ಬೇರೆ. ಕರ್ನಾಟಕದಲ್ಲಿ 2003ರಲ್ಲೂ 2017ರಲ್ಲೂ ಬೆನ್ನಟ್ಟಿದ್ದು ಮಳೆಗಾಲದ ಮೋಡಗಳನ್ನು. ಅವು ಕುದಿಯುವ ಅನ್ನದ ಪಾತ್ರೆಯ ಹಾಗೆ, ಎಲ್ಲಿ ಉಕ್ಕುತ್ತವೆ, ಯಾವಾಗ ಇಳಿಯುತ್ತವೆ ಹೇಳಲು ಬರುವುದಿಲ್ಲ. ಬಿತ್ತಿದ್ದರಿಂದ ಬಂತೋ, ಬರುವುದಿತ್ತೋ ಅಂತ ಬೇರ್ಪಡಿಸುವುದು ಬಹಳ ಕಷ್ಟ. ಚಳಿಗಾಲದ ಬೆಟ್ಟದ ಮೋಡ ಹಾಗಲ್ಲ. ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಂತು ಕೊಡುತ್ತದೆ. ಇದ್ದದ್ದರಲ್ಲಿ ಈ ವಿದ್ಯೆ ಚೆನ್ನಾಗಿ ನಡೆಯುವುದು ಅಲ್ಲೇ. 2025ರ ಅಕ್ಟೋಬರಿನಲ್ಲಿ ದೆಹಲಿಯ ಹೊಗೆ ತೊಳೆಯಲು ವಿಮಾನ ಹಾರಿಸಿದರಲ್ಲ, ಆಗ ಮೋಡದಲ್ಲಿ ತೇವವೇ ಸಾಲದಾಗಿತ್ತು. ಖಾಲಿ ಪಾತ್ರೆಗೆ ಹೆಪ್ಪು.

ಈಗ ಸಹಿಯ ವಿಷಯ. ನಿಷೇಧಿಸಿ ಅನ್ನುವ ಕಾಗದಕ್ಕೆ ನಾನಾದರೆ ಸಹಿ ಹಾಕುತ್ತಿರಲಿಲ್ಲ. ಪಕ್ಕದ ಮನೆಯವರನ್ನು ಕಾಫಿಗೆ ಕರೆದು, ಮನವಿಯನ್ನು ಬೇರೆ ಥರ ಬರೆಯೋಣ ಅನ್ನುತ್ತಿದ್ದೆ. ಎಷ್ಟು ಹಿಮ ಬಿದ್ದ ಮೇಲೆ ಬಿತ್ತನೆ ನಿಲ್ಲಿಸುತ್ತೀರಿ ಅಂತ ಮೊದಲು ಕೇಳಿ. ಯೂಟಾದಲ್ಲಿ ಅಂಥ ಮಿತಿ ಇದೆ, 2023ರ ಚಳಿಗಾಲದಲ್ಲಿ ವಾಡಿಕೆಗಿಂತ ಬಹಳ ಜಾಸ್ತಿ ಬಿದ್ದಾಗ ಕೆಲವು ಕಡೆ ನಿಲ್ಲಿಸಿದರು. ಹಿಮಕುಸಿತದ ಎಚ್ಚರಿಕೆ ಇದ್ದ ದಿನ ಬಿತ್ತುತ್ತೀರಾ ಅಂತ ಕೇಳಿ. ಜನರೇಟರ್ ಸುತ್ತಲಿನ ಮಣ್ಣಿನ ಪರೀಕ್ಷೆಯ ಅಂಕಿಗಳು ಎಲ್ಲಿ ಸಿಗುತ್ತವೆ ಅಂತ ಕೇಳಿ. 'ಇಷ್ಟು ನೀರು ಹೆಚ್ಚಿತು' ಅನ್ನುವ ಲೆಕ್ಕವನ್ನು ಬಿತ್ತುವವರೇ ಹಾಕಿದ್ದಾ, ಬೇರೆ ಯಾರಾದರೂ ನೋಡಿದ್ದಾರಾ ಅಂತಲೂ ಕೇಳಿ. ಇದಕ್ಕೆ ಅವರ ಹತ್ತಿರ ಸಲೀಸಾದ ಉತ್ತರ ಇರಲಿಕ್ಕಿಲ್ಲ. ಆಮೇಲೆ, ಬೆಟ್ಟದ ಮೇಲಿನ ಸಣ್ಣ ಊರುಗಳಿಗೆ ರಸ್ತೆ ತೆರವಿನ ಖರ್ಚಿಗೆ ಏನಾದರೂ ಕೊಡುತ್ತೀರಾ ಅನ್ನುವುದು. ಆ ಕಾಗದಕ್ಕಾದರೆ ಬಾಯ್ಸಿಯಲ್ಲಿ ಸಹಿ ಕೇಳುವ ಮೊದಲು ಮೇಲಿನ ಊರುಗಳಿಗೆ ಹೋಗಿ ಕೇಳಿ. ಚಳಿಗಾಲದಲ್ಲಿ ಬೇಡ, ರಸ್ತೆ ತೆರೆದ ಮೇಲೆ ಹೋಗಿ.